ಒರೆಸುವ ಮುನ್ನ

ತಿರುಮಕೂಡಲು ನರಸೀಪುರದ ನಮ್ಮ ತವರುಮನೆಯ ಪಡಸಾಲೆಯಲ್ಲಿ, ಕಂಬಕ್ಕೆ ಹೊಡೆದ ಮೊಳೆಯಿಂದ ಒಂದು ತಂತಿ ಇಳಿಬಿದ್ದಿರುತ್ತಿತ್ತು. ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆ. ಮನೆಗೆ ಬಂದ ಕಾಗದಗಳನ್ನೆಲ್ಲ ಓದಿಯಾದ ಮೇಲೆ ಅಪ್ಪ ಆ ತಂತಿಗೆ ಚುಚ್ಚುತ್ತಿದ್ದರು. ಹಳದಿ ಕಾರ್ಡು, ನೀಲಿ ಇನ್‌ಲ್ಯಾಂಡು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಲಗ್ನಪತ್ರಿಕೆ ಎಲ್ಲಕ್ಕೂ ಅಲ್ಲೇ ಜಾಗ. ಆದರೆ ಸಾವಿನ ಸುದ್ದಿ ಹೊತ್ತು ಬಂದ ಕಾರ್ಡು ಮಾತ್ರ ಆ ತಂತಿಯನ್ನು ಮುಟ್ಟುತ್ತಿರಲಿಲ್ಲ. ಅದನ್ನು ಹೊಸ್ತಿಲಿನ ಆಚೆಯೇ ನಿಂತು ಓದಿ, ಅಲ್ಲೇ ಹರಿದು ಹಾಕಿ, ಕೈಕಾಲು ತೊಳೆದು ಒಳಗೆ ಬರಬೇಕು. ಯುಗಾದಿಗೆ ಮುಂಚೆ ಮನೆ ಸಾರಿಸುವಾಗ ಅಮ್ಮ ತಂತಿಯನ್ನು ಇಳಿಸಿ, ತುಂಬಿದ ಕಾಗದಗಳನ್ನು ಬಚ್ಚಲಮನೆಯ ಹಂಡೆ ಒಲೆಗೆ ಹಾಕುತ್ತಿದ್ದರು. ಆಗ ಅಪ್ಪನದು ಒಂದೇ ಮಾತು: "ಇನ್ನೊಂದು ಸಲ ಓದದೆ ಒಲೆಗೆ ಹಾಕಬೇಡ." ಅಮ್ಮ, ಅಕ್ಕ, ನಾನು ಒಲೆಯ ಮುಂದೆ ಕೂತು ಒಂದೊಂದನ್ನೇ ಓದಿ, ಬೇಕಾದದ್ದನ್ನು ಪಕ್ಕಕ್ಕಿಟ್ಟು, ಬೇಡವಾದದ್ದನ್ನು ಬೆಂಕಿಗೆ ಕೊಡುತ್ತಿದ್ದೆವು. ಅರ್ಧ ದಿನದ ಕೆಲಸ ಅದು.

ಈ ಮಾತನ್ನು ಮರೆತದ್ದರಿಂದ ನಾನು ಏನನ್ನು ಕಳೆದುಕೊಂಡೆ ಎಂಬುದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮದುವೆಯಾಗಿ ನಾನು ನಂಜನಗೂಡಿಗೆ ಬಂದೆ. ಅಕ್ಕ, ಭಾವ ನರಸೀಪುರದಲ್ಲಿಯೇ ಉಳಿದರು. ಎರಡೂ ಊರನ್ನು ಬೆಸೆಯುವುದು ಕಪಿಲೆ. ನಮ್ಮೂರಿನ ಶ್ರೀಕಂಠೇಶ್ವರನ ಪಾದದ ಬಳಿ ಹರಿದ ನೀರು ಸುತ್ತೂರನ್ನು ದಾಟಿ ಹೋಗಿ ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. "ನೀನು ಅಲ್ಲಿ ಹೊಳೆಗೆ ಬಾಗಿನ ಬಿಡು ಕಣೇ, ನಾನು ಇಲ್ಲಿ ಹಿಡ್ಕೋತೀನಿ" ಎಂದು ಅಕ್ಕ ನಗುತ್ತಿದ್ದಳು. ದೊಡ್ಡಜಾತ್ರೆಗೆ ಅವಳು ಇಲ್ಲಿಗೆ ಬರುವುದು, ಸಂಗಮದ ಸ್ನಾನಕ್ಕೆ ನಾನು ಅಲ್ಲಿಗೆ ಹೋಗುವುದು ತಪ್ಪುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಮೊದಲು ಕಾಗದ, 2003ರಿಂದ ಈ-ಮೇಲ್. ಅವಳ ಮಗ ಮನೆಗೆ ಕಂಪ್ಯೂಟರು ತಂದು, ಅಮ್ಮನಿಗೆ ಟೈಪು ಮಾಡುವುದನ್ನು ಕಲಿಸಿದ್ದ. ಮೊದಮೊದಲು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದಳು. ಓದುವಾಗ ನಾಲಿಗೆ ತೊಡರುತ್ತಿತ್ತು. ಆಮೇಲೆ 'ಬರಹ' ತಂತ್ರಾಂಶ ಹಾಕಿಸಿಕೊಂಡು ಕನ್ನಡದಲ್ಲಿಯೇ ಬರೆಯತೊಡಗಿದಳು. 1998ರಲ್ಲಿ ಬಿಡುಗಡೆಯಾದ ಆ ತಂತ್ರಾಂಶ ನಮ್ಮಂಥ ಎಷ್ಟು ಮನೆಗಳಿಗೆ ಕಂಪ್ಯೂಟರಿನ ಮೇಲಿನ ಭಯ ಬಿಡಿಸಿತೋ! ವಾರಕ್ಕೊಂದು ಕಾಗದ. 2010ರಲ್ಲಿ ಅಕ್ಕ ತೀರಿಕೊಂಡಳು. ಆ ಸುದ್ದಿ ಫೋನಿನಲ್ಲಿ ಬಂತು. ಹರಿದು ಹಾಕಲು ಕಾರ್ಡು ಕೂಡ ಇರಲಿಲ್ಲ.

ಈ ಅಕೌಂಟುಗಳು ನಮ್ಮ ಕಂಪ್ಯೂಟರಿನಲ್ಲಿ ಹೇಗೆ ರಾಶಿಬಿದ್ದವು ಎಂಬುದಕ್ಕೂ ಒಂದು ಚರಿತ್ರೆ ಇದೆ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. 1998ರಲ್ಲಿ ಖಾಸಗಿಯವರಿಗೂ ಅವಕಾಶ ಸಿಕ್ಕಿತು. ಆಗ ಟೆಲಿಫೋನು ತಂತಿಯ ಮೂಲಕವೇ ಇಂಟರ್ನೆಟ್. ಸಂಪರ್ಕ ಕೊಟ್ಟ ಕಂಪನಿಯೇ ಒಂದು ಈ-ಮೇಲ್ ವಿಳಾಸವನ್ನೂ ಕೊಡುತ್ತಿತ್ತು. ಕಂಪನಿ ಬದಲಾದರೆ ವಿಳಾಸವೂ ಬದಲು. ಹೀಗೆ ನಮ್ಮ ಮನೆಯವರದು ಎರಡು, ಅವರ ಕಚೇರಿಯದು ಒಂದು, ಮಗನ ಕಾಲೇಜಿನದು ಒಂದು, ನನ್ನದು ಒಂದು, ಒಟ್ಟು ಐದು ಅಕೌಂಟು. ಅದರಲ್ಲಿ ಮೂರರ ಹಿಂದೆ ಈಗ ಯಾರೂ ಇಲ್ಲ. ಬೆಳಿಗ್ಗೆ ಮೇಲ್ ತೆರೆದರೆ ಸಾಕು, ಕಂಪ್ಯೂಟರು ಆ ಸತ್ತ ವಿಳಾಸಗಳ ಬಾಗಿಲು ತಟ್ಟುತ್ತ, ಉತ್ತರ ಬರದೆ, "ಪಾಸ್‌ವರ್ಡು ಕೊಡಿ" ಎಂದು ಗೋಗರೆಯುತ್ತಿತ್ತು. ಊರು ಬಿಟ್ಟು ಹೋದವರ ಮನೆಯ ಮುಂದೆ ಪೋಸ್ಟ್‌ಮ್ಯಾನ್ ದಿನಾ ನಿಂತು ಕೂಗಿದ ಹಾಗೆ.

2016ರಲ್ಲಿ ಹೊಸ ಕಂಪ್ಯೂಟರು ಕೊಳ್ಳುವುದೆಂದಾಯಿತು. ಮನೆ ಬದಲಿಸುವ ಮುಂಚೆ ಹಳೆ ಸಾಮಾನು ವಿಲೇವಾರಿ ಮಾಡುವುದಿಲ್ಲವೇ, ಹಾಗೆ ಬೇಡದ ಅಕೌಂಟು, ಬೇಡದ ಫೋಲ್ಡರುಗಳನ್ನು ಮೊದಲು ತೆಗೆದುಬಿಡೋಣ ಎಂದು ನಾನೇ ಕೂತೆ. ಯಾರನ್ನೂ ಕೇಳಲಿಲ್ಲ, ನನಗೂ ಬರುತ್ತದೆ ಎಂಬ ಸಣ್ಣ ಜಂಬ ಬೇರೆ! ಮೊದಲ ಕಂಪನಿಯ ಅಕೌಂಟನ್ನು ಆರಿಸಿ 'ತೆಗೆದುಹಾಕು' ಎಂದೆ. ಅಕೌಂಟು ಮಾತ್ರ ಸಾಕೋ, ಅದರ ಕಾಗದಗಳೂ ಹೋಗಬೇಕೋ ಎಂದು ಅದು ಕೇಳಿತು. ಪೂರ್ತಿ ಚೊಕ್ಕಟವಾಗಲಿ ಎಂದು ಎರಡಕ್ಕೂ ಗುರುತು ಹಾಕಿ ಒತ್ತಿದೆ. ಮನಸ್ಸು ಹಗುರಾಯಿತು. ಹಳೆಯ ಪೆಟ್ಟಿಗೆಯನ್ನು ಅಂಗಡಿಗೆ ಕೊಟ್ಟು ಹೊಸದು ತಂದದ್ದೂ ಆಯಿತು.

ಭಾದ್ರಪದದ ಗೌರಿ ಹಬ್ಬ ಬಂತು. ಮೊರದ ಬಾಗಿನಕ್ಕೆ ಏನೇನು ಇಡಬೇಕು, ಯಾವ ಕ್ರಮದಲ್ಲಿ ಇಡಬೇಕು ಎಂದು ಅಮ್ಮ ಹೇಳಿದ್ದನ್ನು ಅಕ್ಕ ಒಮ್ಮೆ ಪಟ್ಟಿ ಮಾಡಿ ಕಳಿಸಿದ್ದಳು. ಅರಿಶಿನ, ಕುಂಕುಮ, ಕರಿಮಣಿ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಬಳೆ, ರವಿಕೆ ಕಣ, ಬೆಲ್ಲದಚ್ಚು, ಧಾನ್ಯಗಳು... ಒಂದೆರಡು ನೆನಪಾಗಲಿಲ್ಲ. ಅಕ್ಕನ ಕಾಗದ ತೆಗೆದು ನೋಡೋಣ ಎಂದು ಹುಡುಕಿದೆ. ಇಲ್ಲ. ಇನ್ನೊಂದು ಫೋಲ್ಡರು ನೋಡಿದೆ. ಅಲ್ಲಿಯೂ ಇಲ್ಲ. ಅಕ್ಕ ಬರೆಯುತ್ತಿದ್ದುದೆಲ್ಲ ಆ ಮೊದಲ ವಿಳಾಸಕ್ಕೆ ಎಂಬುದು ಆಗ ಹೊಳೆಯಿತು. ಏಳು ವರ್ಷದ ಕಾಗದ! ಮೊರದ ಮುಂದೆ ಕೂತು ಅತ್ತುಬಿಟ್ಟೆ.

ಅಕ್ಕನ ಮಗನಿಗೆ ಫೋನು ಮಾಡಿದೆ. ಅವನು ಸಮಾಧಾನವಾಗಿ ಬಿಡಿಸಿ ಹೇಳಿದ. "ಚಿಕ್ಕಮ್ಮ, ಮೇಲ್ ತರಿಸೋಕೆ ಎರಡು ಪದ್ಧತಿ ಇದೆ. ಒಂದರಲ್ಲಿ ಕಾಗದ ನಿಮ್ಮ ಮನೆಗೆ ಬಂದುಬಿಡುತ್ತೆ, ಅಂಚೆ ಕಚೇರಿಯಲ್ಲಿ ಏನೂ ಉಳಿಯೋಲ್ಲ. ಇನ್ನೊಂದರಲ್ಲಿ ಮೂಲ ಪ್ರತಿ ಅಂಚೆ ಕಚೇರಿಯಲ್ಲೇ ಇರುತ್ತೆ, ನಿಮ್ಮ ಹತ್ರ ಇರೋದು ನಕಲು." ಮೊದಲನೆಯದರ ಹೆಸರು ಪಾಪ್, 1984ರಲ್ಲಿ ಹುಟ್ಟಿದ್ದು. ಎರಡನೆಯದು ಐಮ್ಯಾಪ್, 1986ರದು. ನಮ್ಮ ಮನೆಯ ಹಳೆಯ ಅಕೌಂಟು ಪಾಪ್ ಪದ್ಧತಿಯದು. ಟೆಲಿಫೋನು ಬಿಲ್ಲಿನ ಭಯದಿಂದ ಬೇಗ ಬೇಗ ಕಾಗದ ಇಳಿಸಿಕೊಂಡು ಸಂಪರ್ಕ ಕಡಿಯುತ್ತಿದ್ದ ಕಾಲಕ್ಕೆ ಅದೇ ಸರಿ. ಪಾಪ್‌ನಲ್ಲೂ ಒಂದು ನಕಲನ್ನು ಅಲ್ಲಿ ಬಿಟ್ಟಿರು ಎಂದು ಹೇಳಬಹುದಂತೆ. ನಾವು ಹೇಳಿರಲಿಲ್ಲ. ಹೇಳಿದ್ದರೂ ಆ ಕಂಪನಿಯೇ ಈಗ ಇಲ್ಲವಲ್ಲ!

ಆ ರಾತ್ರಿಯಿಂದ ನನಗೊಂದು ಹುಚ್ಚು ಹಿಡಿಯಿತು. ಅಳಿಸುವುದು, ಉಳಿಸುವುದು ಎಂಬ ಈ ಕೆಲಸವನ್ನು ನಮ್ಮ ಸೀಮೆಯವರು ಹಿಂದೆ ಹೇಗೆ ಮಾಡುತ್ತಿದ್ದರು ಎಂದು ಪುಸ್ತಕ ಹುಡುಕತೊಡಗಿದೆ.

ಮೊದಲು ಸಿಕ್ಕಿದ್ದು 'ಕಡತ'. ಇವತ್ತು ಸರ್ಕಾರಿ ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಕಡತ ವಿಲೇವಾರಿ, ಕಡತ ನಾಪತ್ತೆ ಎಂದು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಆದರೆ ಮೂಲದಲ್ಲಿ ಕಡತವೆಂದರೆ ಬಟ್ಟೆ. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಲಿನ ಪುಡಿ ಕಲಸಿ ಎರಡೂ ಬದಿಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಪ್ಪು ಪುಸ್ತಕವೊಂದು ಸಿದ್ಧ. ಬಳಪದಿಂದ ಅದರ ಮೇಲೆ ಬರೆಯುವುದು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತಮ್ಮ ಮೈಸೂರು ಚರಿತ್ರೆಯಲ್ಲಿ ಇದನ್ನು ವಿವರಿಸಿದ್ದಾರೆ. ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಬಟ್ಟೆ, ಎರಡು ತುದಿಗೂ ಮರದ ಹಲಗೆಯ ರಕ್ಷೆ. ಸ್ಲೇಟಿನ ಹಾಗೆ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು ಎನ್ನುತ್ತಾರೆ. ಅಂಗಡಿಯವರ ಲೆಕ್ಕವೆಲ್ಲ ಅದರಲ್ಲೇ. ಶೃಂಗೇರಿ ಮಠದ ಕಡತಗಳಂತೂ ಇಂದಿಗೂ ಉಳಿದು ಚರಿತ್ರಕಾರರಿಗೆ ದೊಡ್ಡ ಆಕರವಾಗಿವೆ.

ನನಗೆ ಆಶ್ಚರ್ಯವಾದದ್ದು ಇಷ್ಟೇ. ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದರೆ ಹೋಗಿಬಿಡುವ ವಸ್ತುವನ್ನು ನಮ್ಮವರು ಇನ್ನೂರು, ಮುನ್ನೂರು ವರ್ಷ ಕಾಪಾಡಿದರು. ಒರೆಸಬಹುದು ಎಂಬುದು ಗೊತ್ತಿದ್ದುದರಿಂದಲೇ ಒರೆಸುವ ಮುನ್ನ ಯೋಚಿಸುತ್ತಿದ್ದರೇನೋ. ತೀರಿದ ಸಾಲದ ಲೆಕ್ಕ ಒರೆಸಲಿ ತೊಂದರೆಯಿಲ್ಲ. ಜಮೀನಿನ ಲೆಕ್ಕವನ್ನು ಒರೆಸಲು ಯಾರಿಗೆ ಧೈರ್ಯ?

ಒರೆಸಲೇಬಾರದು ಎಂದಿದ್ದುದನ್ನು ಕಲ್ಲಿಗೆ ಕೊಡುತ್ತಿದ್ದರು. ನಮ್ಮ ಎರಡೂ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿ 1894ರಲ್ಲಿ ಅಚ್ಚು ಹಾಕಿಸಿದರು. ದತ್ತಿಯ ಶಾಸನಗಳ ಕೊನೆಯಲ್ಲಿ ಒಂದು ಶಾಪ ಇರುವುದು ವಾಡಿಕೆ: ಈ ಧರ್ಮವನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುತ್ತದೆ ಎಂದು. ಕವಿಲೆ ಎಂದರೆ ಕಪಿಲೆ, ಕಂದು ಬಣ್ಣದ ಹಸು. ನಮ್ಮ ಹೊಳೆಯ ಹೆಸರೂ ಅದೇ. 'ಅಳಿಸಲೇ?' ಎಂದು ಕೇಳುವ ಕಂಪ್ಯೂಟರಿನ ಸಣ್ಣ ಚೌಕಕ್ಕೆ ಆ ಶಾಪದ ಗತ್ತು ಎಲ್ಲಿಂದ ಬರಬೇಕು!

ಇವೆರಡರ ನಡುವೆ ಓಲೆ. ತಾಳೆಗರಿಗೂ ಓಲೆಯೇ, ಅದರ ಮೇಲೆ ಬರೆದು ಕಳಿಸಿದ ಕಾಗದಕ್ಕೂ ಓಲೆಯೇ, ಹೆಂಗಸರ ಕಿವಿಯ ಆಭರಣಕ್ಕೂ ಓಲೆಯೇ. ಬಾಗಿನದ ಬಿಚ್ಚೋಲೆಯಲ್ಲಿ ಇರುವುದೂ ಆ ಗರಿಯ ತುಂಡೇ. ಓಲೆ ಹುಳು ತಿಂದು ಹಾಳಾಗುವ ಮುಂಚೆ ಹೊಸ ಗರಿಗೆ ನಕಲು ಮಾಡಿಕೊಳ್ಳುವುದು, ನಕಲಾದ ಮೇಲೆ ಹಳೆಯದನ್ನು ಹೊಳೆಗೆ ಬಿಡುವುದು ಪದ್ಧತಿ. ಮೊದಲು ನಕಲು, ಆಮೇಲೆ ವಿಸರ್ಜನೆ! ಆ ಕ್ರಮ ತಪ್ಪದೆ ನಡೆದುದರಿಂದಲೇ ಕೌಟಿಲ್ಯನ ಅರ್ಥಶಾಸ್ತ್ರದಂಥ ಗ್ರಂಥ 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಯಿತು. ಯಾರಿಗೂ ಬೇಡವೆಂದು ನಡುವೆ ಯಾವನೋ ಒಬ್ಬ ನಕಲು ಮಾಡದೆ ಹೊಳೆಗೆ ಬಿಟ್ಟಿದ್ದರೆ?

ಕಾಗದ ಸಾಗಿಸುವುದರಲ್ಲಿಯೂ ನಮ್ಮ ಸೀಮೆ ಹಿಂದೆ ಬಿದ್ದಿರಲಿಲ್ಲ. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ಮೈಸೂರು ಅಂಚೆಯನ್ನು ಆರಂಭಿಸಿದವರು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು. ಓಟಗಾರರು ಊರಿಂದೂರಿಗೆ ಟಪಾಲು ಸಾಗಿಸುತ್ತಿದ್ದರು. ಅಂಚೆಯ ಅಧಿಕಾರಿಗಳು ತಮ್ಮ ತಮ್ಮ ಸೀಮೆಯ ಗುಟ್ಟುಗಳನ್ನು ಅರಮನೆಗೆ ಮುಟ್ಟಿಸುತ್ತಿದ್ದರು ಎಂದೂ ವಿಲ್ಕ್ಸ್ ಬರೆದಿದ್ದಾರೆ. ಅಂದರೆ ಕಾಗದ ಸಾಗಿಸುವವನು ಕಾಗದ ಓದಿಯಾನು ಎಂಬ ಅನುಮಾನ ಈ-ಮೇಲ್ ಕಾಲದ್ದಲ್ಲ, ಮುನ್ನೂರು ವರ್ಷ ಹಳೆಯದು! 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. 1972ರ ಆಗಸ್ಟ್ 15ರಂದು ಪಿನ್‌ಕೋಡು ಬಂತು. ನಂಜನಗೂಡು 571301, ನರಸೀಪುರ 571124 ಎಂದು ಅಕ್ಕನೂ ನಾನೂ ಬಾಯಿಪಾಠ ಮಾಡಿದ್ದೆವು. 2013ರ ಜುಲೈಯಲ್ಲಿ ಟೆಲಿಗ್ರಾಂ ನಿಂತಿತು. ಬಾಗಿಲಲ್ಲಿ 'ತಂತಿ' ಎಂದು ಕೂಗಿದೊಡನೆ ಎದೆ ಧಸಕ್ಕೆನ್ನುತ್ತಿದ್ದ ಕಾಲ ಮುಗಿಯಿತು.

ಈ-ಮೇಲ್ ಕೂಡ ಈಗ ಹೊಸತೇನಲ್ಲ. ಅಮೆರಿಕದ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಾಗದ ಕಳಿಸಿ, ಹೆಸರಿಗೂ ಮನೆಗೂ ನಡುವೆ ಆ ಸುರುಳಿ ಗುರುತನ್ನು ಇಟ್ಟದ್ದು 1971ರಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡಾರ್ನರ್ 1988ರಲ್ಲಿ ಮೇಲ್ ಓದುವ ಒಂದು ತಂತ್ರಾಂಶ ಬರೆದು ಅದಕ್ಕೆ 'ಯುಡೋರಾ' ಎಂದು ಹೆಸರಿಟ್ಟರು. ಅದು ಯುಡೋರಾ ವೆಲ್ಟಿ ಎಂಬ ಲೇಖಕಿಯ ಹೆಸರು. ಮನೆಯವರೊಡನೆ ಜಗಳವಾಡಿ ಅಂಚೆ ಕಚೇರಿಯಲ್ಲಿಯೇ ವಾಸಕ್ಕೆ ನಿಂತ ಹೆಣ್ಣಿನ ಕಥೆಯೊಂದನ್ನು ಆಕೆ ಬರೆದಿದ್ದರು. ಬೆಂಗಳೂರಿನಲ್ಲಿ ಓದಿ ಬೆಳೆದ ಸಬೀರ್ ಭಾಟಿಯಾ, ತಮ್ಮ ಗೆಳೆಯ ಜಾಕ್ ಸ್ಮಿತ್ ಜೊತೆ ಹಾಟ್‌ಮೇಲ್ ಆರಂಭಿಸಿದ್ದು 1996ರ ಜುಲೈ 4ರಂದು. ಮನೆಯ ಕಂಪ್ಯೂಟರಿನಲ್ಲಿ ಏನನ್ನೂ ಇಟ್ಟುಕೊಳ್ಳದೆ ಎಲ್ಲಿ ಬೇಕಾದರೂ ಕಾಗದ ಓದಬಹುದೆಂಬುದು ಆಗ ದೊಡ್ಡ ಸೋಜಿಗ. 2004ರಲ್ಲಿ ಜಿ-ಮೇಲ್ ಬಂದು, ಏನನ್ನೂ ಅಳಿಸಬೇಕಾಗಿಯೇ ಇಲ್ಲ ಎನ್ನುವಷ್ಟು ಜಾಗ ಕೊಟ್ಟಿತು. ಅಲ್ಲಿಂದ ನಮಗೆ ಆರಿಸುವ ಅಭ್ಯಾಸವೇ ತಪ್ಪಿತು ಎನಿಸುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಒಂದು ಭಾನುವಾರ ನರಸೀಪುರಕ್ಕೆ ಹೋದೆ. ಅಕ್ಕನ ಮಗನೂ ಮೈಸೂರಿನಿಂದ ಬಂದಿದ್ದ. ಅಕ್ಕನ ಕಂಪ್ಯೂಟರು ಅವಳೇ ಹೊಲಿದ ಹೂವಿನ ಬಟ್ಟೆಯ ಮುಸುಕಿನಡಿ ಹಾಗೆಯೇ ಇತ್ತು. "ಗುಜರಿಗೆ ಹಾಕೋಣ ಅಂತಿದ್ದೆ ಚಿಕ್ಕಮ್ಮ" ಎಂದ. ತೆರೆಸಿದೆವು. ಬಹಳ ಹೊತ್ತು ಗುರುಗುಟ್ಟಿ ಕೊನೆಗೂ ಎದ್ದಿತು. ನನಗೆ ಬಂದ ಕಾಗದಗಳನ್ನು ನಾನು ಕಳೆದಿದ್ದೆ. ಆದರೆ ಅವಳು ಕಳಿಸಿದ್ದರ ಪ್ರತಿ ಅವಳ 'ಸೆಂಟ್' ಫೋಲ್ಡರಿನಲ್ಲಿ ಇದ್ದೇ ಇತ್ತು! ಎಲ್ಲವೂ ಸಾಲಾಗಿ, ತಾರೀಖು ಸಮೇತ. ಅವನ ಹೊಸ ಕಂಪ್ಯೂಟರಿಗೆ ನಕಲು ಮಾಡಿದಾಗ ಕನ್ನಡದ ಕಾಗದಗಳು ಅರ್ಥವಿಲ್ಲದ ಗೀಟುಗಳಾಗಿ ಕಂಡು ಎದೆ ಒಡೆಯಿತು. ಹಳೆಯ 'ಬರಹ' ಅಕ್ಷರಗಳನ್ನು ಅದಕ್ಕೆ ಹಾಕಿದ ಮೇಲೆ ಅಕ್ಕ ಮಾತಾಡಿದಳು. ಬಾಗಿನದ ಪಟ್ಟಿ ಸಿಕ್ಕಿತು. ನಾನು ಮರೆತಿದ್ದು ಉಪ್ಪು ಮತ್ತು ತೊಗರಿಬೇಳೆ!

ಪಕ್ಕದಲ್ಲಿ ಇನ್ನೊಂದು ಫೋಲ್ಡರು, 'ಡ್ರಾಫ್ಟ್ಸ್'. ಬರೆದು ಕಳಿಸದೆ ಬಿಟ್ಟ ಕಾಗದಗಳು. ನನ್ನ ಹೆಸರಿಗೇ ಒಂಬತ್ತು. ಎಲ್ಲವೂ ಅವಳ ಕೊನೆಯ ವರ್ಷದವು. ಕಾಯಿಲೆಯ ವಿಷಯ ಅವಳು ನನಗೆ ಬಹಳ ತಡವಾಗಿ ಹೇಳಿದ್ದಳು. "ಓದ್ತೀರಾ ಚಿಕ್ಕಮ್ಮ?" ಎಂದು ಹುಡುಗ ಕೇಳಿದ. ನನ್ನ ಕೈ ಇಲಿಯ ಮೇಲೆಯೇ ನಿಂತಿತು. ಅವಳು ಕಳಿಸಿದ್ದು ನನ್ನದು, ಕಳಿಸದೆ ಇಟ್ಟುಕೊಂಡದ್ದು ಅವಳದು ಎಂದಿತು ಒಂದು ಮನಸ್ಸು. ಓದದೆ ಒಲೆಗೆ ಹಾಕಬೇಡ ಎಂದಿದ್ದರಲ್ಲ ಅಪ್ಪ ಎಂದಿತು ಇನ್ನೊಂದು. ನಾನು ಓದಲೂ ಇಲ್ಲ, ಅಳಿಸಲೂ ಇಲ್ಲ. ನಕಲು ಮಾಡಿ ಬೇರೆ ಇಡು ಎಂದೆ.

ಹಿಂತಿರುಗುವ ಬಸ್ಸಿನಲ್ಲಿ ತಲಕಾಡಿನ ನೆನಪಾಯಿತು. ನರಸೀಪುರ ತಾಲ್ಲೂಕಿನದೇ ಅದು. ಮರಳು ಮುಚ್ಚಿದ ಗುಡಿಗಳು ಮರಳಿನಡಿ ಹಾಗೆಯೇ ಇರುತ್ತವೆ. ಪಂಚಲಿಂಗ ದರ್ಶನ ಬಂದರೆ ಮರಳು ತೆಗೆಸಿ ಪೂಜೆ ಮಾಡುತ್ತಾರೆ. ಮೇಲ್ ತಂತ್ರಾಂಶಗಳಲ್ಲಿಯೂ ಹಾಗೇ ಅಂತೆ. 2004ರಲ್ಲಿ ಮೊದಲ ಆವೃತ್ತಿ ಬಂದ ಥಂಡರ್‌ಬರ್ಡ್‌ನಲ್ಲಿ ಕಾಗದ ಅಳಿಸಿದರೆ ಅದು ಮೊದಲು ಕಸದ ಬುಟ್ಟಿಗೆ ಹೋಗುತ್ತದೆ. ಬುಟ್ಟಿ ಬರಿದಾದರೂ ಫೋಲ್ಡರನ್ನು 'ಕಾಂಪ್ಯಾಕ್ಟ್' ಮಾಡುವ ತನಕ ಮರಳಿನಡಿಯ ಲಿಂಗದಂತೆ ಫೈಲಿನೊಳಗೆ ಇರಬಹುದು. ಆದರೆ ಅಕೌಂಟು ತೆಗೆಯುವಾಗ ಕಾಗದಗಳೂ ಹೋಗಲಿ ಎಂದು ಗುರುತು ಹಾಕಿದರೆ ಫೈಲೇ ಹೋಯಿತು. ಗುರುತು ಹಾಕದಿದ್ದರೆ ಅಕೌಂಟಿನ ಹೆಸರು ಕಣ್ಮರೆಯಾಗುತ್ತದೆ, ಕಾಗದ ಡಿಸ್ಕಿನಲ್ಲಿ ಉಳಿಯುತ್ತದೆ. ನಾನು ಹಾಕಿದ್ದು ಆ ಒಂದು ಗುರುತು.

ನನ್ನಂತೆ ಮನೆಯ ಕಂಪ್ಯೂಟರು ಚೊಕ್ಕಟ ಮಾಡಲು ಕೂರುವ ಅಕ್ಕತಂಗಿಯರಿಗೆ ನಾಲ್ಕು ಮಾತು ಹೇಳುತ್ತೇನೆ. ಬೇಡದ ಅಕೌಂಟನ್ನು ಇಟ್ಟುಕೊಂಡು ನರಳಬೇಕಾಗಿಲ್ಲ, ತೆಗೆಯಿರಿ. ಆದರೆ ಮೊದಲು ಅದು ಪಾಪ್ ಪದ್ಧತಿಯದೋ ಐಮ್ಯಾಪೋ ನೋಡಿಕೊಳ್ಳಿ. ಬೇಕಾದ ಕಾಗದಗಳನ್ನು 'ಲೋಕಲ್ ಫೋಲ್ಡರ್ಸ್' ಎಂಬಲ್ಲಿಗೆ ನಕಲು ಮಾಡಿ, ಎರಡು ಮೂರನ್ನು ತೆರೆದು ಓದಿ, ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಡಿ. ಆಮೇಲೆ ಅಕೌಂಟು ತೆಗೆಯಿರಿ. ಇನ್‌ಬಾಕ್ಸು, ಕಸದ ಬುಟ್ಟಿಯಂಥ ಮೂಲ ಫೋಲ್ಡರುಗಳನ್ನು ತೆಗೆಯಲು ತಂತ್ರಾಂಶ ಸಾಮಾನ್ಯವಾಗಿ ಬಿಡುವುದಿಲ್ಲ. ಒಲೆಯಿಲ್ಲದ ಅಡುಗೆಮನೆ ಇರಲಾರದಲ್ಲ, ಹಾಗೆ. ನೀವೇ ಮಾಡಿಕೊಂಡ ಫೋಲ್ಡರುಗಳನ್ನು ತೆಗೆಯಬಹುದು. ಇನ್ನೊಂದು: ನಿಮ್ಮ ಕಂಪ್ಯೂಟರಿನಿಂದ ಅಕೌಂಟು ತೆಗೆದರೆ ಅಂಚೆ ಕಚೇರಿಯ ಪೆಟ್ಟಿಗೆ ಮುಚ್ಚಿದಂತಲ್ಲ, ನಿಮ್ಮ ಬೀಗದ ಕೈ ಬಿಸಾಡಿದಂತೆ ಅಷ್ಟೇ. ಪೆಟ್ಟಿಗೆ ಮುಚ್ಚಬೇಕಾದರೆ ಅದನ್ನು ಕೊಟ್ಟವರಲ್ಲಿಯೇ ಹೋಗಿ ಮುಚ್ಚಿಸಬೇಕು. ಎರಡು ವರ್ಷ ಬಳಸದೆ ಬಿಟ್ಟ ಅಕೌಂಟುಗಳನ್ನು 2023ರ ಡಿಸೆಂಬರಿನಿಂದ ಗೂಗಲ್ ತಾನಾಗಿಯೇ ಅಳಿಸತೊಡಗಿತು. ತೀರಿಹೋದವರ ಕಾಗದಗಳು ಅಂಥ ಅಕೌಂಟಿನಲ್ಲಿದ್ದರೆ ಎಚ್ಚರ. ನಮ್ಮ ನಂತರ ನಮ್ಮ ಕಾಗದ ಯಾರಿಗೆ ಸೇರಬೇಕೆಂದು ಬರೆದಿಡುವ ಏರ್ಪಾಡನ್ನೂ ಅವರು 2013ರಲ್ಲಿಯೇ ಮಾಡಿದ್ದಾರೆ. ನಾನು ನನ್ನ ಮಗನ ಹೆಸರು ಕೊಟ್ಟಿದ್ದೇನೆ. ಕಳಿಸದೆ ಬಿಟ್ಟ ಕಾಗದಗಳನ್ನು ಮಾತ್ರ ನಾನೇ ಆಗಾಗ ಅಳಿಸಿಬಿಡುತ್ತೇನೆ.

ಕಳೆದ ವರ್ಷ ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು ಅಕ್ಕನ ಆ ಒಂಬತ್ತು ಕಾಗದಗಳ ಫೋಲ್ಡರು ತೆರೆದೆ. ಮೊದಲನೆಯದನ್ನು ಮಾತ್ರ ಓದಿದೆ. 'ನಿನಗೆ ಹೇಳೋಣ ಅಂತ ಕೂತೆ ಕಣೇ' ಎಂದಷ್ಟೇ ಇತ್ತು. ಮುಂದೆ ಏನೂ ಇರಲಿಲ್ಲ. ಉಳಿದ ಎಂಟನ್ನು ಇನ್ನೂ ಓದಿಲ್ಲ. ಹಂಡೆ ಒಲೆಗಂತೂ ಹಾಕಿಲ್ಲ.